ಮಣ್ಣು ಬದಲಿಸದ ಕುಂಡ

ಅವರ ಬಲಗೈಯ ತೋರುಬೆರಳಿನ ಉಗುರಿನ ಕೆಳಗೆ ಯಾವಾಗಲೂ ಒಂದು ಕಪ್ಪು ಗೆರೆ ಇರುತ್ತಿತ್ತು. ಮಿಕ್ಕ ಬೆರಳುಗಳೆಲ್ಲ ಸ್ವಚ್ಛ. ಹಬ್ಬದ ದಿನ ಇಳಕಲ್ ಸೀರೆ ಉಟ್ಟು, ಹಣೆಗೆ ವಿಭೂತಿ ಹಚ್ಚಿ, ಕೈತುಂಬ ಹಸಿರು ಬಳೆ ತೊಟ್ಟು ನಿಂತಾಗಲೂ ಆ ಒಂದು ಉಗುರು ಮಾತ್ರ ಈಗಷ್ಟೇ ಹೊಲದಿಂದ ಬಂದಂತೆ ಕಾಣುತ್ತಿತ್ತು. ಅವರನ್ನು ನೆನೆದಾಗ ನನ್ನ ಕಣ್ಣಿಗೆ ಮೊದಲು ಬರುವುದು ಮುಖವಲ್ಲ, ಆ ಉಗುರು.

ಅವರ ಹೆಸರು ಬರೆಯುವುದಿಲ್ಲ. ವಾಡಿ ಜಂಕ್ಷನ್ನಿನ ರೈಲ್ವೆ ಕ್ವಾರ್ಟರ್ಸಿನಲ್ಲಿ ಅವರನ್ನು ಯಾರೂ ಹೆಸರು ಹಿಡಿದು ಕರೆಯುತ್ತಲೂ ಇರಲಿಲ್ಲ. ಯಜಮಾನರು ಗೂಡ್ಸ್ ಗಾಡಿಯ ಗಾರ್ಡ್. ಹಾಗಾಗಿ ಅವರು ಎಲ್ಲರಿಗೂ ಗಾರ್ಡಕ್ಕ. ನನ್ನ ಯಜಮಾನರು ಸ್ಟೇಷನ್ನಿನಲ್ಲಿ ತಂತಿ ಕಳಿಸುವ ತಾರು ಬಾಬು. ಆ ಲೆಕ್ಕದಲ್ಲಿ ನಾನು ತಾರಕ್ಕ ಆಗಬೇಕಿತ್ತು. ಆದರೆ ಗಾರ್ಡಕ್ಕ ನನಗೆ ಬೇರೆಯೇ ಹೆಸರಿಟ್ಟರು, ಅದೂ ನಾನು ವಾಡಿಗೆ ಬಂದ ವಾರದಲ್ಲೇ.

ನಾನು ಓದಿದ್ದು ಸಿಕಂದರಾಬಾದಿನ ಒಂದು ಕಾನ್ವೆಂಟಿನಲ್ಲಿ. ಅಲ್ಲಿಯ ಉದ್ದನೆಯ ಪಡಸಾಲೆಯಲ್ಲಿ ಗರಿಯಂಥ ಎಲೆಯ ಜರೀಗಿಡಗಳ ಕುಂಡಗಳು ಸಾಲಾಗಿ ಇರುತ್ತಿದ್ದವು. ಬೆಳಗಿನ ಪ್ರಾರ್ಥನೆಯ ನಂತರ ಸಿಸ್ಟರ್ ಒಂದು ಸಣ್ಣ ಗಂಟೆ ಬಾರಿಸುತ್ತಿದ್ದರು. ನಾವು ಹುಡುಗಿಯರು ಚೊಂಬು ಹಿಡಿದು ನೀರೆರೆಯುತ್ತಿದ್ದೆವು. ಮದುವೆಯಾಗಿ ಹೊರಟಾಗ ಆ ಸಾಲಿನದೇ ಒಂದು ಕುಂಡವನ್ನು ಸಿಸ್ಟರ್ ನನ್ನ ಕೈಗೆ ಕೊಟ್ಟಿದ್ದರು. ವಾಡಿಯ ಮನೆಯ ಕಿಟಕಿಯಲ್ಲಿ, ಕಾದ ಶಹಾಬಾದಿ ಕಲ್ಲಿನ ಮೇಲೆ, ಅದನ್ನಿಟ್ಟೆ. ಬೆಳಗಿನ ಪ್ಯಾಸೆಂಜರ್ ಸಿಳ್ಳು ಹಾಕಿದಾಗ ತಪ್ಪದೆ ನೀರು ಹಾಕಿದೆ. ಎಲೆಯ ತುದಿಗಳು ಒಂದೊಂದೇ ಕಂದಿದವು. ನಾನು ಇನ್ನಷ್ಟು ನೀರು ಹಾಕಿದೆ.

ಗಾರ್ಡಕ್ಕ ಹಿಂಬಾಗಿಲಿನಿಂದ ಬಂದರು. ಮುಂಬಾಗಿಲಿನಿಂದ ಬಂದದ್ದನ್ನು ನಾನು ನೋಡಿಯೇ ಇಲ್ಲ. ನನ್ನ ಹೆಸರು, ಊರು, ತವರು ಏನೂ ಕೇಳದೆ ಸೀದಾ ಕಿಟಕಿಯ ಹತ್ತಿರ ಹೋದರು.

"ಏನ್ರೀ ಅವ್ವಾ, ಇದಕ್ಕ ದಿನಾ ನೀರ್ ಹಾಕ್ತೀರೇನು?"

"ಹೌದು. ಒಂದು ದಿನವೂ ತಪ್ಪಿಸಿಲ್ಲ."

"ಬಾಯಾರಿಕಿ ಆಗ್ಯಾದೇನು ಅಂತ ಅದನ್ನ ಕೇಳೀರೇನು?"

ಅವರು ತೋರುಬೆರಳನ್ನು ಎರಡನೆಯ ಗೆಣ್ಣಿನ ತನಕ ಮಣ್ಣಿಗೆ ಇಳಿಸಿ, ಕಣ್ಣು ಮುಚ್ಚಿ ಒಂದು ಗಳಿಗೆ ನಿಂತರು. ವೈದ್ಯರು ನಾಡಿ ನೋಡುವಾಗ ನಿಲ್ಲುತ್ತಾರಲ್ಲ, ಹಾಗೆ.

"ಇದು ನೀರಿಲ್ಲದ ಸಾಯ್ಲಿಕತ್ತಿಲ್ಲ. ಮುಳುಗಿ ಸಾಯ್ಲಿಕತ್ತದ. ಮ್ಯಾಲಿನ ಮಣ್ಣ ಒಣಗಿ ಕಾಣ್ತದ, ಒಳಗ ಕೆಸರು. ಯಾರ್ ಹೇಳಿದ್ರವ್ವಾ ದಿನಾ ಹಾಕಂತ?"

ನಾನು ಗಂಟೆಯ ಕತೆ ಹೇಳಿದೆ. ಅವರು ಸೆರಗು ಬಾಯಿಗೆ ಅಡ್ಡ ಹಿಡಿದರು.

"ಗಂಟಿ ಬಡದ್ರ ನಿಮಗೆಲ್ಲಾರಿಗೂ ಕೂಡೇ ಹಸಿವಿ ಆಗ್ತಿತ್ತೇನು?"

"ಆಗುತ್ತಿತ್ತು," ಎಂದು ನಾನು ಇದ್ದದ್ದನ್ನೇ ಹೇಳಿದೆ.

ಅಂದಿನಿಂದ ನಾನು ಗಂಟಿಯವ್ವ. ಜರೀಗಿಡವನ್ನು ಅವರೇ ಎತ್ತಿ ಅಡಿಗೆಮನೆಯ ಮೂಲೆಯಲ್ಲಿ, ಕುಡಿಯುವ ನೀರಿನ ಗಡಿಗೆಯ ಪಕ್ಕ ಇಟ್ಟರು. ಗಡಿಗೆ ಬೆವರುತ್ತದೆ, ಆ ತಂಪು ಈ ಗಿಡಕ್ಕೆ ಸಾಕು, ಇದು ಬಿಸಿಲು ಕೇಳುವ ಜಾತಿಯಲ್ಲ, ಎಂದರು. ಕುಂಡದ ಕೆಳಗೆ ಇಟ್ಟಿಗೆಯ ಚೂರುಗಳನ್ನು ಕೊಟ್ಟು ಎತ್ತರಿಸಿದರು: ತೂತಿನಿಂದ ನೀರು ಇಳಿಯಬೇಕು, ಕಲ್ಲಿನ ಕಾವು ಬೇರಿಗೆ ತಾಗಬಾರದು. ಗಿಡ ಬದುಕಿತು. ಅವರು ಅದಕ್ಕಾಗಿ ನನ್ನಿಂದ ಒಂದು ಒಳ್ಳೆಯ ಮಾತನ್ನೂ ಕೇಳಲಿಲ್ಲ. ಮರುದಿನ ಅದೇ ಹಿಂಬಾಗಿಲಿನಿಂದ ಬಂದು, ಬೆರಳಿಟ್ಟು ನೋಡಿ, ಹೋದರು.

ವಾಡಿಯಲ್ಲಿ ಗಿಡ ಸಾಕುವುದು ಸುಲಭವಲ್ಲ. ಒಂದು ಕಡೆ ಇಂಜಿನ್ನಿನ ಮಸಿ, ಇನ್ನೊಂದು ಕಡೆ ಶಹಾಬಾದಿನಿಂದ ಬರುವ ಗಾಡಿಗಳ ಕಲ್ಲುಪುಡಿ. ಮಧ್ಯಾಹ್ನದ ಹೊತ್ತಿಗೆ ತುಳಸಿಯೂ ಬೂದಿ ಬಣ್ಣಕ್ಕೆ ತಿರುಗುತ್ತಿತ್ತು. ಗಾರ್ಡಕ್ಕ ಹಳೆಯ ಧೋತರದ ತುಂಡನ್ನು ಹಿಂಡಿ, ಅಂಗೈಯನ್ನು ಎಲೆಯ ಕೆಳಗೆ ಕೊಟ್ಟು ಒಂದೊಂದೇ ಎಲೆ ಒರೆಸುತ್ತಿದ್ದರು. "ಎಲಿ ಮುಚ್ಚಿದ್ರ ಮೂಗು ಮುಚ್ಚಿದಂಗ." ಒರೆಸುವಾಗ ಏನನ್ನೋ ಗುನುಗುತ್ತಿದ್ದರು, ಹತ್ತಿರ ಹೋದರೆ ನಿಲ್ಲಿಸಿಬಿಡುತ್ತಿದ್ದರು. ಬಾವಿಯ ನೀರು ಸುಣ್ಣದ್ದು. ಅದನ್ನೇ ಕುಡಿದ ಗಿಡದ ಎಳೆ ಎಲೆಗಳು ಹಳದಿಯಾಗಿ, ನರ ಮಾತ್ರ ಹಸಿರಾಗಿ ಉಳಿಯುತ್ತಿದ್ದವು. ಅದಕ್ಕೆ ಅವರು ಹುಣಸೆಹಣ್ಣು ತೊಳೆದ ತಿಳಿನೀರನ್ನು ಆಗೀಗ ಬೆರೆಸುತ್ತಿದ್ದರು, ಮಳೆಗಾಲದಲ್ಲಿ ತಗಡಿನ ಸೂರಿನ ನೀರನ್ನು ಹಿಡಿದಿಡುತ್ತಿದ್ದರು. ಅಕ್ಕಿ ತೊಳೆದ ನೀರು ನಡೆಯುತ್ತದೆ, ಉಪ್ಪು ಬಿದ್ದ ಗಂಜಿ ನಡೆಯುವುದಿಲ್ಲ. ಮನೆಯೊಳಗಿನ ಗಿಡ ಬೆಳಕಿನ ಕಡೆಗೇ ವಾಲುತ್ತದೆ. ಆಗಾಗ ಅದರ ಮಗ್ಗುಲು ತಿರುಗಿಸಬೇಕು. ಇವನ್ನೆಲ್ಲ ಅವರು ಪಾಠದಂತೆ ಹೇಳಿದವರಲ್ಲ. ನಮ್ಮ ಮನೆಯಲ್ಲಿ ಏನಾದರೂ ತಪ್ಪು ಕಂಡಾಗ ಬೈಗುಳದ ಜೊತೆಗೆ ಬರುತ್ತಿದ್ದವು.

ಎಲ್ಲ ಮಾತೂ ಸರಿಯೆಂದೇನೂ ಅಲ್ಲ. ಗುಲಾಬಿಗೆ ಹೆಚ್ಚು ಹೊತ್ತು ಕನ್ನಡಿ ತೋರಿಸಿದರೆ ದೃಷ್ಟಿಯಾಗುತ್ತದೆ ಎಂದು ನನ್ನ ಕನ್ನಡಿಯನ್ನು ಇನ್ನೊಂದು ಗೋಡೆಗೆ ಹಾಕಿಸಿದ್ದರು. ಅವರ ಕೈಯಲ್ಲಿ ಸೇವಂತಿಗೆ ಒಮ್ಮೆಯೂ ಉಳಿಯಲಿಲ್ಲ. ಅದಕ್ಕೆ ಅವರು ಸೇವಂತಿಗೆಯನ್ನೇ ಬೈದರು.

ಎರಡು ವಿಷಯ ಮಾತ್ರ ನನಗೆ ಬಹಳ ದಿನ ಅರ್ಥವಾಗಲಿಲ್ಲ.

ಒಂದು, ಅವರು ಏನನ್ನೂ ನೆಲದಲ್ಲಿ ನೆಡುತ್ತಿರಲಿಲ್ಲ. ಹಿತ್ತಲು ಖಾಲಿ. ಎಲ್ಲವೂ ಕುಂಡ, ಡಬ್ಬ, ಒಡೆದ ಗಡಿಗೆಗಳಲ್ಲಿ. ಪಕ್ಕದ ಪಾರ್ಸಲ್ ಬಾಬುವಿನ ಹೆಂಡತಿ ಹಿತ್ತಲಲ್ಲಿ ಪಪ್ಪಾಯಿ ಹಾಕಿದಾಗ ಗಾರ್ಡಕ್ಕ ಗೋಡೆಯ ಮೇಲಿಂದ ಕೂಗಿದರು:

"ಯಾರ್ ತಿನ್ಲಿ ಅಂತ ಹಚ್ಚಲಿಕತ್ತೀರಿ ಕಾಕೂ? ಹಣ್ಣಾಗೂದರೊಳಗ ವರ್ಗ ಬರ್ತದ."

"ಬಂದವ್ರು ತಿಂತಾರ ತಗೋರಿ."

"ಬಂದವ್ರು ಕಡೀತಾರ. ರೈಲ್ವೆದವ್ರ ಬೇರು ಡಬ್ಬಿಯೊಳಗಽ ಇರ್ಬೇಕು, ಗಾಡಿ ಬಂದ್ರ ಎತ್ತಿ ಇಡ್ಲಿಕ್ಕೆ."

ವರ್ಗವಾದಾಗ ಗಾರ್ಡ್ ಡಬ್ಬಿಯಲ್ಲಿ ಸಾಮಾನಿನ ಜೊತೆ ಕುಂಡಗಳೂ ಹೋಗುವುದು ನಮ್ಮ ಕ್ವಾರ್ಟರ್ಸಿನ ರೂಢಿಯೇ. ಆದರೆ ಈ ಮಾತು ಆಡುವಾಗ ಅವರ ದನಿ ಕುಶಾಲಿನದಾಗಿರಲಿಲ್ಲ.

ಇನ್ನೊಂದು, ಆ ನಂದಿಬಟ್ಟಲು. ಅವರ ಹಿಂಬಾಗಿಲ ಹತ್ತಿರ, ಬಿಸಿಲು ನೇರವಾಗಿ ಬೀಳದ ಜಾಗದಲ್ಲಿ, ಬಾಯಿ ಅಗಲವಾದ ಮಣ್ಣಿನ ಕುಂಡದಲ್ಲಿ ಅದು ಇತ್ತು. ಮುಂಗಾರಿಗೆ ಮುಂಚೆ ಗಾರ್ಡಕ್ಕ ಇಡೀ ಸಾಲಿನ ಹೆಂಗಸರನ್ನು ಎಬ್ಬಿಸಿ ಕುಂಡಗಳ ಮಣ್ಣು ಬದಲಿಸುತ್ತಿದ್ದರು. ನಮ್ಮ ಎರೆಮಣ್ಣು ಅಂಟು, ನೀರು ಹಿಡಿದು ಕೂರುತ್ತದೆ. ಅದಕ್ಕೆ ಕಾಗಿಣಾ ಹೊಳೆಯ ಉಸುಕು, ಹಳೆಯ ಸಗಣಿಗೊಬ್ಬರ ಬೆರೆಸಿ ಹದ ಮಾಡುತ್ತಿದ್ದರು. ಕುಂಡವನ್ನು ತಲೆಕೆಳಗೆ ಹಿಡಿದು ಅಂಚನ್ನು ಮೆಲ್ಲಗೆ ತಟ್ಟಿದರೆ ಬೇರು ಮುರಿಯದೆ ಗಡ್ಡೆಯಾಗಿ ಕಳಚಿ ಬರುತ್ತದೆ. ಇದು ನಾನು ಕಾನ್ವೆಂಟಿನಲ್ಲಿ ಕಲಿತದ್ದು; ಅವರು ಅದನ್ನು ಮೆಚ್ಚಿ, ಆ ಕೆಲಸವನ್ನು ನನಗೇ ಬಿಟ್ಟಿದ್ದರು. "ಮಣ್ಣೂ ಹಳಸ್ತದ, ಅನ್ನ ಹಳಸಿದಂಗ. ಎಷ್ಟ್ ದಿನಾ ಅದನ್ನಽ ಉಣಿಸ್ತೀರಿ?" ಎಂದು ಎಲ್ಲರಿಗೂ ಹೇಳುತ್ತಿದ್ದರು.

ಒಂದು ವರ್ಷ ಎಲ್ಲ ಮುಗಿದ ಮೇಲೆ ನಾನು ಆ ನಂದಿಬಟ್ಟಲಿನ ಕುಂಡಕ್ಕೆ ಕೈ ಹಾಕಿದೆ. ಮೇಲ್ಮಣ್ಣು ಬೆಳ್ಳಗೆ ಹೆಪ್ಪುಗಟ್ಟಿತ್ತು, ಬೇರು ಅಂಚಿನಲ್ಲಿ ಇಣುಕುತ್ತಿತ್ತು.

"ಬಿಡು ಅದನ್ನ!"

ಅಷ್ಟು ಗಟ್ಟಿಯಾಗಿ ಅವರು ಕೂಗಿದ್ದನ್ನು ನಾನು ಕೇಳಿರಲಿಲ್ಲ. ಕೈಯಲ್ಲಿದ್ದ ಉಸುಕು ಜಾರಿ ಹೋಯಿತು. ಆಮೇಲೆ ಅವರೇ ಬಂದು ಕುಂಡವನ್ನು ಮೊದಲಿನ ಜಾಗಕ್ಕೆ ಸರಿಸಿ, "ಇದು ಹಿಂಗಽ ಇರ್ಲಿ," ಎಂದು ಮೆಲ್ಲಗೆ ಹೇಳಿ ಒಳಗೆ ಹೋದರು. ಪಾರ್ಸಲ್ ಕಾಕು ನನ್ನ ಕಡೆ ನೋಡಿ ತಲೆಯಾಡಿಸಿದರು. ಅವರಿಗೂ ಗೊತ್ತಿರಲಿಲ್ಲ.

ಮುಂದಿನ ಚಳಿಗಾಲ ನನಗೆ ಮಗು ಹುಟ್ಟಿತು. ಬಾಣಂತನಕ್ಕೆ ತವರಿಗೆ ಹೋಗಲಾಗಲಿಲ್ಲ. ಗಾರ್ಡಕ್ಕನೇ ಅಜ್ವಾನ ಕುದಿಸಿ ಕೊಟ್ಟರು, ಬೆನ್ನಿಗೆ ಎಣ್ಣೆ ತಿಕ್ಕಿದರು, ನನ್ನ ಕುಂಡಗಳನ್ನೂ ನೋಡಿಕೊಂಡರು. ಆದರೆ ಮಗುವನ್ನು ಎತ್ತಿಕೊಳ್ಳಲಿಲ್ಲ. ತೊಟ್ಟಿಲಿಗೆ ಹಾಕಿ ಹೆಸರಿಡುವ ದಿನ ಸಾಲಿನ ಹೆಂಗಸರೆಲ್ಲ ಬಂದರು, ಅವರು ಬರಲಿಲ್ಲ. ಅಬ್ಬೋಲಿ ಹೂವಿನ ದಂಡೆ ಕಳಿಸಿದರು. ಬಿಗಿಯಾಗಿ, ಒಂದೇ ಅಳತೆಗೆ ಕಟ್ಟಿದ ದಂಡೆ. ಅದನ್ನು ತೊಟ್ಟಿಲಿಗೆ ಕಟ್ಟುವಾಗ ನನಗೆ ಅಳು ಬಂತು. ಬಾಣಂತಿಯರಿಗೆ ಸುಮ್ಮಸುಮ್ಮನೆ ಅಳು ಬರುತ್ತದೆ ಎಂದು ಎಲ್ಲರೂ ಸಮಾಧಾನ ಮಾಡಿದರು.

ಕೆಲವು ದಿನ ಕಳೆದು, ಒಂದು ಮಧ್ಯಾಹ್ನ, ನಮ್ಮ ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು ಕೊತ್ತಂಬರಿ ಸೋಸುತ್ತ ಅವರೇ ಕೇಳಿದರು.

"ಗಂಟಿಯವ್ವಾ, ತೊಟ್ಲಕ್ಕ ನಾ ಬರ್ಲಿಲ್ಲಂತ ಸಿಟ್ಟ ಬಂದದೇನು?"

"ಸಿಟ್ಟಲ್ಲ ಅಕ್ಕಾ. ಮನಸ್ಸಿಗೆ ಹತ್ತಿತು."

"ನನ್ನ ಕೂಸು ಹೆಸರಿಡೂತನ ಇರ್ಲಿಲ್ಲವ್ವಾ."

ಅವರು ಕೊತ್ತಂಬರಿಯಿಂದ ಕಣ್ಣು ಎತ್ತಲಿಲ್ಲ. ಹಳದಿ ಎಲೆಗಳನ್ನು ಒಂದು ಕಡೆ, ಹಸಿರನ್ನು ಒಂದು ಕಡೆ ಹಾಕುತ್ತಲೇ ಹೇಳಿದರು.

"ಸೇಡಂದಾಗ ಇದ್ವಿ. ಊರೂರಾಗ ಲೂಟಿ, ಬೆಂಕಿ, ಆ ಗದ್ದಲದ ವರ್ಷ. ಇವ್ರು ಗಾಡಿ ಮ್ಯಾಲ ಹೋದ್ರ ತಿರುಗಿ ಬರ್ತಾರೋ ಇಲ್ಲೋ ಅಂಬೂದಽ ಗೊತ್ತಿರ್ತಿರ್ಲಿಲ್ಲ. ಅಂಥಾದ್ರಾಗ ಹುಟ್ಟಿತು. ಹೆಣ್ಣು. ಮಗ್ಗಲದಾಗ ಇಟ್ಕೊಂಡ್ರ ಬೆಲ್ಲದ ವಾಸನಿ ಬರ್ತಿತ್ತು. ಜ್ವರ ಬಂತು. ಡಾಕ್ಟರ್ ತನಕ ಹೋಗೂ ಹಂಗ ಇರ್ಲಿಲ್ಲ. ಹೋಯ್ತು." ಕೊತ್ತಂಬರಿಯ ಇನ್ನೊಂದು ಕಟ್ಟು ಬಿಚ್ಚಿದರು. "ಊರ ಹೊರಗ ಒಯ್ದು ಮಣ್ಣ ಕೊಡೂದೂ ಆಗ್ಲಿಲ್ಲ. ಹೊರಗ ಕಾಲಿಟ್ರ ಏನೋ ಎಂತೋ. ಇವ್ರಽ ಹಿತ್ತಲದಾಗ ತೆಗ್ಗ ತೋಡಿದ್ರು. ಮ್ಯಾಲ ಒಂದು ನಂದಿಬಟ್ಟಲ ಕಡ್ಡಿ ನೆಟ್ಟೆ. ಹೂವಿಗಂತ ಅಲ್ಲ. ನಾಯಿ ಕೆದರಬಾರ್ದಂತ."

ಕಡ್ಡಿ ಹತ್ತಿತಂತೆ. ಗದ್ದಲ ಅಡಗಿ, ದಂಡು ಬಂದು ಹೋಗಿ, ಊರು ಮೊದಲಿನಂತಾಗುವ ಹೊತ್ತಿಗೆ ಆಳೆತ್ತರ ಬೆಳೆದಿತ್ತಂತೆ. ಆಮೇಲೆ ವಾಡಿಗೆ ವರ್ಗ ಬಂತು. ಗಿಡವನ್ನು ಕೀಳಲು ಮನಸ್ಸಾಗಲಿಲ್ಲ. ಬುಡದಲ್ಲಿ ಒಡೆದಿದ್ದ ಒಂದು ಮರಿಯನ್ನು, ಅಲ್ಲಿಯ ಮಣ್ಣಿನ ಸಮೇತ, ಕುಂಡಕ್ಕೆ ತುಂಬಿಕೊಂಡು, ಬೇರೆ ಕುಂಡಗಳ ಜೊತೆ ಗಾರ್ಡ್ ಡಬ್ಬಿಗೆ ಕೊಡದೆ ತೊಡೆಯ ಮೇಲೆ ಇಟ್ಟುಕೊಂಡು ಬಂದರು. ಮುಂದೆ ಒಮ್ಮೆ ಸೇಡಂಗೆ ಹೋದಾಗ ಆ ಹಳೆಯ ಕ್ವಾರ್ಟರ್ ಇರಲಿಲ್ಲ. ಕೆಡವಿ, ಹಿತ್ತಲನ್ನು ಸಮ ಮಾಡಿ, ಕಲ್ಲಿದ್ದಲಿನ ಗುಡ್ಡೆ ಹಾಕಿದ್ದರು.

"ಎಲ್ಲಂತ ಹುಡುಕ್ಲಿ? ಗುಡ್ಡಿ ಸುತ್ತ ಒಂದ್ ಸಲ ತಿರುಗಿ ಬಂದೆ."

ಒಳಗೆ ನನ್ನ ಮಗು ಅತ್ತಿತು. ನಾನು ಏಳಲಿಲ್ಲ.

"ಹೋಗು, ಹಾಲ್ ಕೊಡು," ಎಂದರು. ಮೊರ ಎತ್ತಿಕೊಂಡು ನಿಂತು, ತಮ್ಮ ಹಿಂಬಾಗಿಲ ಕಡೆ ನೋಡಿ, "ಅದಕ್ಕಽ ಆ ಕುಂಡದ ಮಣ್ಣ ಬದಲ್ಸೂದಿಲ್ಲವ್ವಾ. ಹಳೇ ಮಣ್ಣ ಎಲ್ಲಿ ಚೆಲ್ಲಲಿ?" ಎಂದರು.

ಆಮೇಲೆ ಆ ಮಾತನ್ನು ನಾವು ಯಾವತ್ತೂ ಎತ್ತಲಿಲ್ಲ.

ಅವರ ಯಜಮಾನರು ಮಾತು ಕಡಿಮೆಯ ಮನುಷ್ಯ. ಡ್ಯೂಟಿಯಿಂದ ಬಂದು, ಕೆಂಪು ಹಸಿರು ಬಾವುಟಗಳನ್ನು ಸುತ್ತಿ ಗೂಟಕ್ಕೆ ಸಿಕ್ಕಿಸಿ, ಕೈಕಾಲು ತೊಳೆದು ಕೂತರೆ ಮತ್ತೆ ಕರೆ ಬರುವ ತನಕ ಏಳುತ್ತಿರಲಿಲ್ಲ. ಗಿಡಗಳ ಹತ್ತಿರ ಸುಳಿಯುತ್ತಿರಲಿಲ್ಲ. "ನಿಮ್ಮ ಕೈ ಸಿಗ್ನಲ್‌ಗೇ ಸರಿ," ಎಂದು ಗಾರ್ಡಕ್ಕ ಚುಚ್ಚಿದರೆ ನಗುತ್ತಿದ್ದರು.

ಒಂದು ಬೇಸಿಗೆ ಗಾರ್ಡಕ್ಕನಿಗೆ ಜ್ವರ ಹಿಡಿಯಿತು. ಬಿಟ್ಟು ಬಿಟ್ಟು ಬರುವ ಜ್ವರ, ಮೈ ಕಡ್ಡಿಯಾಯಿತು. ರೈಲ್ವೆ ಡಾಕ್ಟರು ಬಂದು, ಕಾಸಿ ಆರಿಸಿದ ನೀರನ್ನು ಬಿಟ್ಟು ಬೇರೆ ನೀರು ಕೊಡಬೇಡಿ ಎಂದು ಯಜಮಾನರಿಗೆ ಹೇಳಿ ಹೋದರು. ಬಾವಿ ತಳ ಕಂಡಿತ್ತು. ಅಂಥ ಬೇಸಿಗೆಯಲ್ಲಿ ನಮ್ಮ ಸಾಲಿನವರು ಇಂಜಿನ್ನಿನ ನೀರನ್ನು ತರುವುದಿತ್ತು. ಡ್ರೈವರನಿಗೆ ಹೇಳಿದರೆ ಕುದಿಯುವ ನೀರನ್ನು ಬಕೀಟಿಗೆ ಬಿಡುತ್ತಿದ್ದ. ಚಳಿಗಾಲದಲ್ಲಿ ಮೈಗೆ, ಬೇಸಿಗೆಯಲ್ಲಿ ಬಟ್ಟೆಗೆ. ಬಟ್ಟೆ ಅದರಲ್ಲಿ ಬೆಳ್ಳಗಾಗುತ್ತದೆ ಎಂದು ಎಲ್ಲರಿಗೂ ಅದರ ಮೇಲೆ ಅಕ್ಕರೆ.

ನನ್ನ ಮಗುವಿಗೆ ಆಗ ಗಣಜಿಲಿ ಎದ್ದಿತ್ತು, ಮೈತುಂಬ ಗುಳ್ಳೆ, ಅಂಟುವ ಜಾಡ್ಯ. ಅವರ ಮನೆಗೆ ನಾನು ಹೋಗುವ ಹಾಗಿರಲಿಲ್ಲ. ಗಿಡಗಳಿಗೆ ನೀರು ಹಾಕಲು ಪಾಪ, ಅವರ ಯಜಮಾನರೇ ನಿಂತರು. ಹೆಂಡತಿಗೆ ಕಾಸಿ ಆರಿಸಿದ ನೀರು ಒಳ್ಳೆಯದಾದರೆ ಅವಳ ಗಿಡಕ್ಕೂ ಅದೇ ಒಳ್ಳೆಯದು ಎಂದುಕೊಂಡರು. ಇಂಜಿನ್ನಿನಿಂದ ಬಕೀಟು ತಂದು, ರಾತ್ರಿಯಿಡೀ ಆರಿಸಿ, ಬೆಳಿಗ್ಗೆ ಚೊಂಬಿನಿಂದ ಪ್ರತಿ ಕುಂಡಕ್ಕೂ ಎರೆದರು. ನಂದಿಬಟ್ಟಲಿಗೆ ಒಂದು ಚೊಂಬು ಹೆಚ್ಚು.

ಜ್ವರ ಇಳಿದು ಗಾರ್ಡಕ್ಕ ಗೋಡೆ ಹಿಡಿದು ಹಿಂಬಾಗಿಲಿಗೆ ಬಂದಾಗ ಎಲೆಗಳ ಅಂಚುಗಳು ಸುಟ್ಟಂತೆ ಮುರುಟಿದ್ದವು. ಅವರು ಬೆರಳಿಟ್ಟು ನೋಡಿದರು. ಆ ಬೆರಳನ್ನು ನಾಲಿಗೆಗೆ ಮುಟ್ಟಿಸಿದರು.

"ಯಾವ ನೀರ್ ಹಾಕೀರಿ?"

"ಇಂಜಿನ್ನಿಂದು. ಪೂರಾ ಆರಿಸೇ ಹಾಕೀನಿ."

ಅದೇ ಹೊತ್ತಿಗೆ ಸಾಲಿನ ಕೊನೆಯ ಮನೆಯ ಫೈರ್‌ಮನ್ ಹಿತ್ತಲ ದಾರಿಯಲ್ಲಿ ಹೋಗುತ್ತಿದ್ದವ ನಿಂತ. "ಅಯ್ಯ, ಗಾರ್ಡ್ ಸಾಹೇಬ್ರ, ಅದರಾಗ ಸೋಡಾ ಹಾಕಿರ್ತಾರ್ರೀ, ಬಾಯ್ಲರಿಗೆ ಸುಣ್ಣ ಹಿಡೀಬಾರ್ದಂತ. ಬಟ್ಟಿ ಸುಮ್ಮ ಬೆಳ್ಳಗಾಗ್ತಾವೇನು?"

ಗಾರ್ಡಕ್ಕ ಯಜಮಾನರನ್ನು ಬೈಯಲಿಲ್ಲ. ನನಗೆ ಗೊತ್ತಿರುವಂತೆ ಅವರು ಯಾರನ್ನೂ ಬೈಯದೆ ಬಿಟ್ಟದ್ದು ಅದೊಂದೇ ಸಲ. ಮಿಕ್ಕ ಕುಂಡಗಳ ಮಣ್ಣನ್ನು ನಾನು ಮತ್ತು ಕಾಕು ಬದಲಿಸಿದೆವು. ಅರ್ಧದಷ್ಟು ಗಿಡ ಉಳಿದವು. ನಂದಿಬಟ್ಟಲಿನ ಹತ್ತಿರ ಬಂದಾಗ ನಾವು ಕೈ ಕಟ್ಟಿ ನಿಂತೆವು.

ಮಣ್ಣು ಬದಲಿಸಿದರೆ ಗಿಡ ಉಳಿದೀತು. ಬದಲಿಸದಿದ್ದರೆ ಹೋಗುತ್ತದೆ. ಇದನ್ನು ಅವರಿಗೆ ಯಾರು ಹೇಳಬೇಕು? ಅವರು ತಮ್ಮ ಕುಡಿಯುವ ನೀರಿನಲ್ಲೇ ಉಳಿಸಿ ಹನಿಹನಿಯಾಗಿ ಎರೆದು ಸೋಡಾ ತೊಳೆಯಲು ನೋಡಿದರು. ಹಳೆಯ ಮಣ್ಣು ಬಿಗಿದು ಹೋಗಿತ್ತು. ನೀರು ಮೇಲೆಯೇ ನಿಂತು ಬೆಳ್ಳಗೆ ಒಣಗುತ್ತಿತ್ತು. ಎಲೆಗಳು ಉದುರಿದವು. ಒಂದೊಂದು ಎಲೆ ಬಿದ್ದಾಗಲೂ ಯಜಮಾನರು ಅದನ್ನು ಹೆಕ್ಕಿ ಜೇಬಿಗೆ ಹಾಕಿಕೊಳ್ಳುವುದನ್ನು ನಾನು ಗೋಡೆಯ ಈಚೆಯಿಂದ ಕಂಡಿದ್ದೇನೆ. ಎಲ್ಲಿ ಚೆಲ್ಲಬೇಕೆಂದು ಅವರಿಗೂ ಗೊತ್ತಿರಲಿಲ್ಲವೇನೋ.

ಅಷ್ಟರಲ್ಲಿ ವರ್ಗದ ಆರ್ಡರು ಬಂತು. ಕಾಜೀಪೇಟ. ತೆಲುಗು ಸೀಮೆ, ದೂರದ ದಾರಿ. ಮಳೆ ಇನ್ನೂ ಬಂದಿರಲಿಲ್ಲ.

ಹೊರಡುವ ಹಿಂದಿನ ದಿನ ಮುಂಜಾನೆ ಗಾರ್ಡಕ್ಕ ನಮ್ಮ ಹಿಂಬಾಗಿಲಿಗೆ ಬಂದರು. ಒಳಗೆ ಬರಲಿಲ್ಲ.

"ಗಂಟಿಯವ್ವಾ, ನಿಮ್ಮ ಹಿತ್ತಲ ಮೂಲ್ಯಾಗಿಂದು ಒಂದು ಹಾಸಗಲ್ಲು ಎಬ್ಬಸ್ಲೇನು?"

ನನಗೆ ತಕ್ಷಣ ತಿಳಿಯಿತು. ಆದರೂ ಬಾಯಿಂದ ಬಂದದ್ದು, "ನೆಲದಲ್ಲೇ ನೆಡುತ್ತೀರಾ ಅಕ್ಕಾ?" ಎಂಬ ಮಾತು.

"ಹೂಂ. ನೆಲದಾಗಾದ್ರ ಮಳಿ ಬಿದ್ದು ಸೋಡಾ ಕೆಳಗ ಇಳದು ಹೋಗ್ತದ. ಬೇರಿಗೂ ಜಾಗಾ ಸಿಗ್ತದ. ಮಣ್ಣೂ ಎಲ್ಲೂ ಹೋಗೂದಿಲ್ಲ."

"ನೀವು ಹೋಗ್ತೀರಲ್ಲ."

"ಅದಽ ಮತ್ತ."

ಅವರ ಯಜಮಾನರು ಕಬ್ಬಿಣದ ಸಬ್ಬಲ ಹಿಡಿದು ಹಿಂದೆಯೇ ನಿಂತಿದ್ದರು. ನನ್ನ ಯಜಮಾನರು ಕೈಜೋಡಿಸಲು ಹೋದಾಗ, "ಬ್ಯಾಡ್ರಿ ಬಾಬು, ನಾನಽ ತೋಡ್ತೀನಿ," ಎಂದರು. ಹಾಸುಗಲ್ಲಿನ ಕೆಳಗೆ ಜೇಡಿಮಣ್ಣಿನ ಪದರ, ಅದರ ಕೆಳಗೆ ತಂಪಾದ ಕಪ್ಪು ಮಣ್ಣು. ಅವರು ತೋಡುತ್ತಲೇ ಇದ್ದರು. ಗಿಡಕ್ಕೆ ಬೇಕಾದ್ದಕ್ಕಿಂತ ಆಳವಾಯಿತು. ಗಾರ್ಡಕ್ಕ "ಸಾಕು" ಎಂದಾಗ ನಿಂತರು. ಮುಖ ಒರೆಸಿಕೊಳ್ಳಲು ಗೋಡೆಯ ಕಡೆ ತಿರುಗಿದರು.

ಕುಂಡವನ್ನು ತಲೆಕೆಳಗೆ ಮಾಡಲು ಗಾರ್ಡಕ್ಕ ನನ್ನನ್ನು ಕರೆಯಲಿಲ್ಲ. ಗುಂಡುಕಲ್ಲಿನಿಂದ ತಾವೇ ಅಂಚಿಗೆ ಹೊಡೆದರು. ಕುಂಡ ಸೀಳಿ ಎರಡು ಕಡೆ ಬಿತ್ತು, ಮಣ್ಣು ಬೀಳಲಿಲ್ಲ. ಬೇರುಗಳು ಸುತ್ತಿ ಸುತ್ತಿ ಹೆಣೆದುಕೊಂಡು, ಕುಂಡದ ಆಕಾರದಲ್ಲೇ ಅದು ನಿಂತಿತ್ತು. ಅದನ್ನು ಎರಡೂ ಕೈಯಲ್ಲಿ ಎತ್ತಿ, ತಲೆಯ ಭಾಗಕ್ಕೆ ಮೊಣಕೈ ಕೊಟ್ಟು, ಕೂತು, ಬಗ್ಗಿ, ತೆಗ್ಗಿನಲ್ಲಿ ಇಳಿಸಿದರು. ಒಡೆದ ಚೂರುಗಳಿಗೆ ಅಂಟಿದ್ದ ಮಣ್ಣನ್ನು ಬೆರಳಿನಿಂದ ಕೆರೆದು ಹಾಕಿದರು. ಕಲ್ಲಿನ ಮೇಲೆ ಉದುರಿದ್ದನ್ನು ಸೆರಗಿನ ತುದಿಯಿಂದ ಗುಡಿಸಿ ಹಾಕಿದರು. ಕೊನೆಗೆ ತಮ್ಮ ಸೆರಗನ್ನೂ ಅಲ್ಲೇ ಝಾಡಿಸಿದರು.

"ಒಂದು ಕಡ್ಡಿ ಒಯ್ಯಿರಿ ಅಕ್ಕಾ. ಅಲ್ಲಿಯೂ ಹತ್ತುತ್ತದೆ," ಎಂದೆ.

"ಕಡ್ಡಿ ಒಯ್ದು ಏನ್ ಮಾಡ್ಲಿ. ಮಣ್ಣ ಇಲ್ಲೇ ಉಳೀತು."

ಆಮೇಲೆ ಹಳೆಯ ಗಾರ್ಡಕ್ಕನ ದನಿ ಬಂತು. "ಕೇಳಿಲ್ಲಿ. ಇದ್ದ ನಾಕ ಎಲಿನೂ ಉದುರ್ತಾವ, ಹೆದರಬ್ಯಾಡ. ಗೊಬ್ಬರ ಹಾಕಬ್ಯಾಡ, ಜಡ್ಡಿನವ್ರಿಗಿ ಹೋಳಿಗಿ ಉಣಿಸಿದಂಗ ಆಗ್ತದ. ಮಳಿ ಬರೂತನ ಮ್ಯಾಲ ಗೋಣಿ ತಟ್ಟು ಕಟ್ಟಿ ನೆರಳ ಮಾಡು. ನೀರು..."

"ಬೆರಳಿಟ್ಟು ನೋಡಿ."

"ಹೂಂ. ಮತ್ತ, ಚಿಗುರಿತಂತ ಹೇಳಿ ಕಳಸಬ್ಯಾಡ. ಚಿಗುರು ಸುಳ್ಳ ಹೇಳ್ತದ. ಬೇರು ಸತ್ತ ಗಿಡಾನೂ ಮೈಯಾಗಿನ ರಸದ ಮ್ಯಾಲ ಒಂದ್ ಸಲ ಚಿಗೀತದ. ನಾ ಖುಷಿ ಪಡೂದು, ಮತ್ತ ಅದು ಹೋಗೂದು, ಅದು ಬ್ಯಾಡ ನನಗ. ಹೂ ಬಿಟ್ರ ಹೂ ಕಳಸು."

ಮರುದಿನ ಅವರ ಗಾಡಿ ಹೊರಟಾಗ ಉಳಿದ ಕುಂಡಗಳೆಲ್ಲ ಗಾರ್ಡ್ ಡಬ್ಬಿಯಲ್ಲಿದ್ದವು. ಗಾರ್ಡಕ್ಕ ಹೆಂಗಸರ ಜನಾನಾ ಡಬ್ಬಿಯ ಕಿಟಕಿಯಲ್ಲಿ ಕೂತಿದ್ದರು. ಎರಡೂ ಕೈಗಳನ್ನು ತೊಡೆಯ ಮೇಲೆ ಅಂಗೈ ಮೇಲಾಗಿ ಇಟ್ಟುಕೊಂಡಿದ್ದರು. ಕೈ ಬೀಸಲಿಲ್ಲ.

ನಂದಿಬಟ್ಟಲು ಪೂರ್ತಿ ಬೋಳಾಯಿತು. ತೊಗಟೆಯನ್ನು ಉಗುರಿನಿಂದ ಗೀರಿದರೆ ಒಂದು ಕಡೆ ಹಸಿರು, ಒಂದು ಕಡೆ ಕಂದು. ಮಳೆ ತಡವಾಗಿ ಬಂತು, ಬಂದಾಗ ಬಿಡದೆ ಬಂತು. ಶ್ರಾವಣದಲ್ಲಿ ಬುಡದ ಹತ್ತಿರ ಎರಡು ಚಿಗುರು ಕಂಡವು, ಸಾಸಿವೆಯಷ್ಟು. ನನ್ನ ಯಜಮಾನರು, "ಸಂಜೆಯ ಗಾಡಿಯ ಗಾರ್ಡಿನ ಹತ್ತಿರ ಹೇಳಿ ಕಳಿಸಲೇನು?" ಎಂದು ಕೇಳಿದರು. ನಮ್ಮ ಲೈನಿನಲ್ಲಿ ಸುದ್ದಿ ಹೋಗುತ್ತಿದ್ದುದು ಹಾಗೆಯೇ, ಗಾರ್ಡಿನಿಂದ ಗಾರ್ಡಿಗೆ. ಅಕ್ಕನ ಮಾತು ನೆನೆದು ಬೇಡವೆಂದೆ. ಚಿಗುರು ಎಲೆಯಾಯಿತು, ಎಲೆ ಕೊಂಬೆಯಾಯಿತು. ಆಗಲೂ ಕಾದೆ. ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಮೂರು ನಾಲ್ಕು ಹೂ ಅರಳಿದ್ದವು, ಅಂಚು ತುಸು ತಿರುಚಿಕೊಂಡ ಬಿಳಿಯ ಹೂಗಳು. ಒದ್ದೆ ಬಟ್ಟೆಯಲ್ಲಿ ಸುತ್ತಿ, ಮುತ್ತುಗದೆಲೆಯ ಪೊಟ್ಟಣ ಕಟ್ಟಿ ಕಳಿಸಿದೆ.

ಮರುದಿನ ಉತ್ತರ ಬರಲಿಲ್ಲ. ಅದರ ಮರುದಿನವೂ ಇಲ್ಲ. ಆ ವಾರದ ಕೊನೆಗೆ, ಮಧ್ಯಾಹ್ನದ ಗಾಡಿಯಲ್ಲಿ, ಗಾರ್ಡ್ ಸಾಹೇಬರೇ ಬಂದರು. ಯೂನಿಫಾರಂ ಇರಲಿಲ್ಲ. ಅವರು ಹಿಂಬಾಗಿಲಿನಿಂದ ಬಂದದ್ದನ್ನು ನೋಡಿ ನಾನು ಎದ್ದು ನಿಂತೆ. ಕೈಯಲ್ಲಿ ಆ ಪೊಟ್ಟಣ ಇತ್ತು. ಎಲೆ ಒಣಗಿ ಕಂದಾಗಿತ್ತು, ದಾರ ನಾನು ಕಟ್ಟಿದಂತೆಯೇ ಇತ್ತು.

"ಇದು ಬಂದ ದಿನ ಆಕಿ ಇರ್ಲಿಲ್ಲ ತಂಗಿ. ಹಬ್ಬಕ್ಕಿಂತ ಮೊದ್ಲಽ ಹೋದ್ಳು. ಅದಽ ಜ್ವರ, ತಿರುಗಿ ಬಂತು. ಈ ಕಡಿ ಹೇಳಿ ಕಳಸೂದು ನನ್ನಿಂದ ಆಗ್ಲಿಲ್ಲ."

ನಾನು ಮಣೆ ತಂದಿಟ್ಟೆ, ಅವರು ಕೂರಲಿಲ್ಲ.

"ಈ ಕಡಿಯ ಗಾಡಿ ಬಂದಾಗೊಮ್ಮೆ ಕೇಳ್ತಿದ್ಳು, ಏನರ ಕೊಟ್ಟಾರೇನು ಅಂತ." ಅವರು ಮೂಲೆಯ ಕಡೆ ನೋಡಿದರು. "ಯಾವಾಗ ಚಿಗುರಿತ್ರಿ?"

"ಶ್ರಾವಣದಲ್ಲಿ."

ಅವರು ತಲೆಯಾಡಿಸಿದರು. ನಾನು ಹೇಳಿ ಕಳಿಸಲಿಲ್ಲ ಏಕೆಂದು ಕೇಳಲಿಲ್ಲ. ಕೇಳಬೇಕಾಗಿಯೂ ಇರಲಿಲ್ಲ, ಚಿಗುರಿನ ಆ ಮಾತು ನಡೆದಾಗ ಅವರೂ ಅಲ್ಲೇ ಸಬ್ಬಲ ಹಿಡಿದು ನಿಂತಿದ್ದರು. ನಿಧಾನವಾಗಿ ಹೋಗಿ ಗಿಡದ ಮುಂದೆ ಕೂತರು. ದಾರ ಬಿಚ್ಚಿ, ಒಣಗಿದ ಹೂಗಳನ್ನು ಬುಡಕ್ಕೆ ಹಾಕಿದರು. ಜೇಬಿನಲ್ಲಿ ಕೈಯಿಟ್ಟು ಇನ್ನೇನನ್ನೋ ತೆಗೆದು ಅದರ ಮೇಲೆ ಉದುರಿಸಿದರು, ಪುಡಿಯಾದ ಎಲೆಗಳು. ನಾನು ಚೊಂಬಿನಲ್ಲಿ ನೀರು ತಂದೆ. ಹೂ ಹಾಕಿದ ಮೇಲೆ ಒಂದಿಷ್ಟು ನೀರು ಎರೆಯುವುದು ಸರಿಯೆಂದು ಅನಿಸಿತ್ತು.

ಅವರು ಚೊಂಬನ್ನು ತೆಗೆದುಕೊಂಡು ಪಕ್ಕಕ್ಕಿಟ್ಟರು. ಬಲಗೈಯ ತೋರುಬೆರಳನ್ನು ಮಣ್ಣಿಗೆ ಒತ್ತಿದರು. ರೂಢಿಯಿಲ್ಲದ ಕೈ, ಬೆರಳು ಒಮ್ಮೆ ಬಾಗಿತು. ಮತ್ತೆ ನೆಟ್ಟಗೆ ಮಾಡಿ ಎರಡನೆಯ ಗೆಣ್ಣಿನ ತನಕ ಇಳಿಸಿದರು. ಕಣ್ಣು ಮುಚ್ಚಿದರು. ಪ್ಲಾಟ್‌ಫಾರಂ ಕಡೆ ಒಂದು ಗಾಡಿ ಬಂದು ನಿಂತು, ಸಿಳ್ಳು ಹಾಕಿ ಹೋಯಿತು. ಅವರು ಬೆರಳು ತೆಗೆಯಲಿಲ್ಲ.

"ಒಳಗ ಇನ್ನಾ ಹಸಿ ಅದ," ಎಂದರು. "ಇವತ್ತ ನೀರು ಬ್ಯಾಡ."